ಲಂಡನ್ ಅಂತ ಅಚ್ಚಾದ ಮಾತ್ರಕ್ಕೆ ಅದು ಲಂಡನ್ನಿನ ಪುಸ್ತಕ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ಪುರವಣಿಯಲ್ಲಿ ಫ್ರೆಂಚ್ ಕ್ರಾಂತಿ ಮತ್ತು ಪುಸ್ತಕಗಳ ಬಗ್ಗೆ ಬಂದ ಲೇಖನ ಓದಿದೆ, ಕನ್ನಡದಲ್ಲಿ ಈ ವಿಷಯಕ್ಕೆ ಇಡೀ ಒಂದು ಪುಟ ಕೊಟ್ಟಿದ್ದೀರಲ್ಲ ಅಂತ ತುಂಬಾ ಖುಷಿ ಆಯ್ತು, ಆದ್ರೆ ಫೋಟೋ ಕೆಳಗಿನ ಸಾಲು ನೋಡ್ತಿದ್ದ ಹಾಗೇ ಈ ಪತ್ರ ಬರೀಲೇಬೇಕು ಅನ್ನಿಸ್ತು. 'ಸಿಸ್ಟೆಮ್ ದ ಲಾ ನಾತ್ಯೂರ್' ಅನ್ನೋ ನಾಸ್ತಿಕ ಪುಸ್ತಕದ ಮೊದಲ ಪುಟದ ಚಿತ್ರ ಹಾಕಿ, ಕ್ರಾಂತಿಯ ನಾಯಕ ಮಿರಾಬೋ 1770ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಕೃತಿ ಅಂತ ಬರೆದಿದ್ದೀರಿ. ಇಸವಿ ಒಂದು ಬಿಟ್ಟು ಉಳಿದಿದ್ದೆಲ್ಲ ತಪ್ಪು ಸಾರ್.

ಆ ಪುಟದಲ್ಲಿ ಲಂಡನ್ ಅಂತ ಇರೋದು ನಿಜ, ಮಿರಾಬೋ ಅಂತ ಇರೋದೂ ನಿಜ. ಆದ್ರೆ ಅಚ್ಚಾಗಿದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ, ಮಾರ್ಕ್-ಮಿಶೆಲ್ ರೇ ಅನ್ನೋ ಪ್ರಕಾಶಕರ ಹತ್ರ. ಬರೆದಿದ್ದು ಪ್ಯಾರಿಸ್ಸಿನಲ್ಲಿ ದೊಡ್ಡ ಮನೆ ಮಾಡ್ಕೊಂಡು ವಾರಕ್ಕೆರಡು ಸಲ ವಿದ್ವಾಂಸರಿಗೆ ಊಟ ಹಾಕ್ತಿದ್ದ ಬ್ಯಾರನ್ ಡೋಲ್ಬಾಕ್. ಹೆಸರು ಹಾಕಿದ್ದು ಮಾತ್ರ ಫ್ರೆಂಚ್ ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಮಿರಾಬೋ ಅನ್ನೋರದ್ದು, ಅವರು 1760ರಲ್ಲೇ ತೀರ್ಕೊಂಡಿದ್ರು, ಅಂದ್ರೆ ಪುಸ್ತಕ ಬರೋಕೆ ಹತ್ತು ವರ್ಷ ಮುಂಚೆ, ಹಾಗಾಗಿ ಅವರನ್ನ ಹಿಡಿದು ಕೇಳೋ ಪ್ರಶ್ನೆನೇ ಇರ್ಲಿಲ್ಲ. ಕ್ರಾಂತಿಯ ಮಿರಾಬೋ ಬೇರೆ ಮನುಷ್ಯ, ಫ್ರೆಂಚಲ್ಲಿ ಸ್ಪೆಲಿಂಗೂ ಬೇರೆ, 1770ರಲ್ಲಿ ಆತ ಇಪ್ಪತ್ತೊಂದು ವರ್ಷದ ಹುಡುಗ. ಕನ್ನಡದಲ್ಲಿ ಬರೆದಾಗ ಎರಡೂ ಹೆಸರು ಒಂದೇ ಥರ ಆಗಿಬಿಡುತ್ತೆ, ಅದಕ್ಕೇ ಗೊಂದಲ ಆಗಿರಬೇಕು. ಆ ವರ್ಷ ಆಗಸ್ಟ್ 18ಕ್ಕೆ ಪ್ಯಾರಿಸ್ಸಿನ ಪಾರ್ಲಮಾಂ ಅಂದ್ರೆ ಅಲ್ಲಿನ ದೊಡ್ಡ ನ್ಯಾಯಾಲಯ ಈ ಪುಸ್ತಕನ ಸುಡೋಕೆ ಆರ್ಡರ್ ಮಾಡ್ತು. ಡೋಲ್ಬಾಕ್ ಸತ್ತಿದ್ದು 1789ರ ಜನವರಿಯಲ್ಲಿ, ಅಲ್ಲಿವರೆಗೂ ಆ ಪುಸ್ತಕದ ಮೇಲೆ ಅವರ ಹೆಸರು ಬರಲೇ ಇಲ್ಲ.

ಇದು ಬರೀ ಒಂದು ಫೋಟೋದ ತಪ್ಪಾಗಿದ್ರೆ ನಾಲ್ಕು ಸಾಲು ಬರೆದು ಸುಮ್ಮನಾಗ್ತಿದ್ದೆ. ಹದಿನೆಂಟನೇ ಶತಮಾನದ ಫ್ರೆಂಚ್ ಪುಸ್ತಕ ವ್ಯಾಪಾರದ ಕಾಗದಪತ್ರ ಓದೋದ್ರಲ್ಲಿ ನಾನು ವರ್ಷಗಟ್ಟಲೆ ಕಳೆದಿದ್ದೀನಿ, ಅದ್ರಲ್ಲಿ ಮೊದಲು ಕಲಿತಿದ್ದೇ ಮೊದಲ ಪುಟನ ನಂಬಬಾರದು ಅಂತ. ಯಾಕೆ ಹಾಗೆ ಅಂದ್ರೆ ಅಲ್ಲಿನ ವ್ಯವಸ್ಥೆ ಹಾಗಿತ್ತು. ಪುಸ್ತಕ ಅಚ್ಚು ಹಾಕ್ಬೇಕಂದ್ರೆ ಮೊದಲು ರಾಜನ ಸೆನ್ಸಾರ್ ಓದಿ ಒಪ್ಪಬೇಕು, ಆಮೇಲೆ ಪ್ರಿವಿಲೇಜ್ ಸಿಗಬೇಕು, ಆ ಪ್ರಿವಿಲೇಜ್ ಅನ್ನೋದು ಪರ್ಮಿಷನ್ನೂ ಹೌದು ಬೇರೆ ಯಾರೂ ಅಚ್ಚು ಹಾಕದ ಹಾಗೆ ಹಕ್ಕೂ ಹೌದು, ಅದನ್ನ ಹೆಚ್ಚಾಗಿ ಹಿಡ್ಕೊಂಡಿದ್ದು ಪ್ಯಾರಿಸ್ಸಿನ ಪುಸ್ತಕ ವ್ಯಾಪಾರಿಗಳ ಸಂಘದೋರು. ಪ್ಯಾರಿಸ್ಸಿನಲ್ಲಿ ಮುದ್ರಕರು 36 ಜನ ಮಾತ್ರ ಇರ್ಬೇಕು ಅಂತ 1686ರಿಂದಲೇ ಕಟ್ಟಳೆ ಇತ್ತು. ಊರಾಚೆ ಇರೋ ಪ್ರಾಂತ್ಯದ ವ್ಯಾಪಾರಿಗಳಿಗೆ ಹೊಸ ಪುಸ್ತಕದ ಹಕ್ಕು ಸಿಗೋದೇ ಕಷ್ಟ, ಹಾಗಾಗಿ ಅವರು ಗಡಿಯಾಚೆ ಅಚ್ಚಾದ ಅಗ್ಗದ ಕಳ್ಳ ಪ್ರತಿಗಳ ಕಡೆಗೇ ನೋಡ್ತಿದ್ರು. ಆಮ್‌ಸ್ಟರ್‌ಡ್ಯಾಂ, ಲಿಯೇಜ್, ಬೂಯೋಂ, ಜಿನೀವಾ, ಪೋಪ್ ಆಳ್ವಿಕೆಯಲ್ಲಿದ್ದ ಅವಿಞೋಂ, ಹೀಗೆ ಫ್ರಾನ್ಸಿನ ಸುತ್ತ ಹಾರದ ಹಾಗೆ ಅಚ್ಚುಕೂಟಗಳು ಫ್ರೆಂಚ್ ಪುಸ್ತಕನೇ ಅಚ್ಚು ಹಾಕ್ತಾ ಕೂತಿದ್ವು.

ಇದ್ರಲ್ಲಿ ಸರ್ಕಾರನೂ ಒಂದೇ ಮನಸ್ಸಲ್ಲಿ ಇರ್ಲಿಲ್ಲ ಅನ್ನೋದು ಲೇಖನದಲ್ಲಿ ಬರಲಿಲ್ಲ. 1750ರಿಂದ 1763ರವರೆಗೆ ಪುಸ್ತಕ ಇಲಾಖೆ ನೋಡ್ಕೊಂಡಿದ್ದ ಮಾಲ್ಜೆರ್ಬ್, ರಾಜನ ಒಪ್ಪಿಗೆ ಪಡೆದ ಪುಸ್ತಕ ಮಾತ್ರ ಓದೋನು ತನ್ನ ಕಾಲದವರಿಗಿಂತ ಹೆಚ್ಚುಕಮ್ಮಿ ನೂರು ವರ್ಷ ಹಿಂದೆ ಉಳೀತಾನೆ ಅನ್ನೋ ಅರ್ಥದ ಮಾತು ಬರೆದಿಟ್ಟಿದ್ದಾರೆ, ಸೆನ್ಸಾರ್ ಮಾಡಿಸೋ ಅಧಿಕಾರಿನೇ ಬರೆದಿದ್ದು ಇದು. ಅವರ ಕಾಲದಲ್ಲಿ ಮೌನಾನುಮತಿ ಅನ್ನೋ ದಾರಿ ಚೆನ್ನಾಗಿ ಬೆಳೀತು, ಅಂದ್ರೆ ಪುಸ್ತಕದಲ್ಲಿ ಅನುಮತಿ ಅಚ್ಚು ಹಾಕೋದಿಲ್ಲ ಆದ್ರೆ ಪೊಲೀಸರು ಮುಟ್ಟೋದೂ ಇಲ್ಲ, ಮೊದಲ ಪುಟದಲ್ಲಿ ಬೇರೆ ದೇಶದ ಊರಿನ ಹೆಸರು ಇರುತ್ತೆ. ತತ್ವಜ್ಞಾನಿ ರೂಸೋ ಶಿಕ್ಷಣದ ಬಗ್ಗೆ ಬರೆದ 'ಎಮಿಲ್' 1762ರಲ್ಲಿ ಪ್ಯಾರಿಸ್ಸಿನ ಡ್ಯೂಶೇನ್ ಅನ್ನೋ ಪ್ರಕಾಶಕ ಹೊರತಂದಿದ್ದು, ಮೇಲೆ ಹಾಕಿದ್ದು ಹೇಗ್ ಊರಿನ ಹೆಸರು. ಆ ಪುಸ್ತಕ ಹೊರಗೆ ಬರೋಕೆ ಮಾಲ್ಜೆರ್ಬ್ ಎಷ್ಟೇ ಸಹಾಯ ಮಾಡಿದ್ರೂ ಜೂನ್ 9ಕ್ಕೆ ಪಾರ್ಲಮಾಂ ಖಂಡಿಸಿ ಬಂಧಿಸೋಕೆ ಆರ್ಡರ್ ಹೊರಡಿಸ್ತು, ರೂಸೋ ಅವತ್ತೇ ಊರು ಬಿಟ್ಟು ಓಡಬೇಕಾಯ್ತು. ಕ್ರಾಂತಿ ಕಾಲದಲ್ಲಿ ರಾಜನ ಪರವಾಗಿ ವಾದ ಮಾಡಿದ್ದ ಈ ಮಾಲ್ಜೆರ್ಬ್ ಅವರನ್ನೇ 1794ರಲ್ಲಿ ಗಿಲೋಟಿನ್‌ಗೆ ಹಾಕಿದ್ರು. ಅವರ ಬಗ್ಗೆ ಬರೆಯೋಕೆ ಕೂತ್ರೆ ಇನ್ನೊಂದು ಪತ್ರ ಆಗುತ್ತೆ, ಇರಲಿ.

ಈಗ ನನ್ನ ದೊಡ್ಡ ತಕರಾರಿಗೆ ಬರ್ತೀನಿ. ಲೇಖನದಲ್ಲಿ ಒಂದು ಕಡೆ, ಕ್ರಾಂತಿಗೆ ಮುಂಚೆ ಮನೆಮನೆಯಲ್ಲೂ ರೂಸೋ ಅವರ 'ಸೋಶಿಯಲ್ ಕಾಂಟ್ರಾಕ್ಟ್' ಅನ್ನೋ ರಾಜಕೀಯ ಪುಸ್ತಕ ಇತ್ತು ಅಂತ ಬರೆದಿದೆ. ಇತ್ತು ಅಂತ ಹೇಗೆ ಗೊತ್ತು? 1910ರಲ್ಲಿ ಡ್ಯಾನಿಯಲ್ ಮೋರ್ನೆ ಅನ್ನೋ ವಿದ್ವಾಂಸರು ಇದೇ ಪ್ರಶ್ನೆ ಕೇಳಿದ್ರು. 1750ರಿಂದ 1780ರ ನಡುವೆ ಹರಾಜಾದ ಖಾಸಗಿ ಲೈಬ್ರರಿಗಳ ಕ್ಯಾಟಲಾಗ್ ತಗೊಂಡು, ಐನೂರು ಕ್ಯಾಟಲಾಗ್, ಒಂದೊಂದಾಗಿ ಎಣಿಸ್ತಾ ಹೋದ್ರು, ಹತ್ರ ಹತ್ರ 20,000 ಪುಸ್ತಕದ ನಮೂದುಗಳಲ್ಲಿ 'ಸೋಶಿಯಲ್ ಕಾಂಟ್ರಾಕ್ಟ್' ಸಿಕ್ಕಿದ್ದು ಒಂದೇ ಒಂದು. ಆಗ ಎಲ್ಲರಿಗೂ ಶಾಕ್. ಓ ಹಾಗಾದ್ರೆ ಯಾರೂ ಓದೇ ಇಲ್ಲ ಅಂತ ಬಹಳ ವರ್ಷ ಹೇಳ್ತಾ ಬಂದ್ರು. ಆದ್ರೆ ಅದನ್ನೂ ಹಾಗೇ ಒಪ್ಪೋಕಾಗಲ್ಲ, ಯಾಕಂದ್ರೆ ಹರಾಜಿನ ಕ್ಯಾಟಲಾಗ್ ಅಚ್ಚಾಗೋದಕ್ಕೆ ಮುಂಚೆ ತಪಾಸಣೆ ಆಗ್ತಿತ್ತು, ನಿಷೇಧಿತ ಪುಸ್ತಕ ಇದ್ರೆ ಅಲ್ಲೇ ತೆಗೆದುಬಿಡ್ತಿದ್ರು, ಸತ್ತವರ ಮನೆಯೋರೇ ಮೊದಲು ಅಂಥವನ್ನ ಎತ್ತಿಟ್ಟುಕೊಳ್ತಿದ್ರು, ಅದೂ ಅಲ್ದೆ ಹರಾಜಿಗೆ ಬರೋಷ್ಟು ಲೈಬ್ರರಿ ಇದ್ದಿದ್ದು ಶ್ರೀಮಂತರ ಮನೆಯಲ್ಲಿ, ಬಿಡಿ ಹಾಳೆ ಥರದ ಸಣ್ಣ ಪುಸ್ತಕಗಳು ಪಟ್ಟಿಗೇ ಬರ್ತಿರ್ಲಿಲ್ಲ. 'ಎಮಿಲ್' ಪುಸ್ತಕದ ಐದನೇ ಭಾಗದಲ್ಲಿ 'ಸೋಶಿಯಲ್ ಕಾಂಟ್ರಾಕ್ಟ್' ಸಾರಾಂಶನೇ ಇದೆ, ರೂಸೋ ಸಮಗ್ರ ಕೃತಿಗಳ ಸೆಟ್ ಕೊಂಡೋರ ಮನೆಗೂ ಅದು ಬಂದಿರುತ್ತೆ. ಮನೆಮನೆಯಲ್ಲೂ ಇತ್ತು ಅನ್ನೋದೂ ಸರಿಯಲ್ಲ, ಎಲ್ಲೂ ಇರ್ಲಿಲ್ಲ ಅನ್ನೋದೂ ಸರಿಯಲ್ಲ.

ಹಾಗಾದ್ರೆ ಎಲ್ಲಿ ಹುಡುಕಬೇಕು ಅಂದ್ರೆ, ಮಾರ್ದೋರ ಹತ್ರ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಅನ್ನೋ ಊರು ಆಗ ಪ್ರಷ್ಯಾ ರಾಜನ ಕೈಕೆಳಗೆ ಇತ್ತು, ಫ್ರೆಂಚ್ ಪೊಲೀಸರ ಕೈ ಅಲ್ಲಿಗೆ ನೇರವಾಗಿ ಹೋಗಲ್ಲ, ಫ್ರಾನ್ಸಿನ ಗಡಿ ಮಾತ್ರ ಜುರಾ ಬೆಟ್ಟ ದಾಟಿದ್ರೆ ಅಲ್ಲೇ. ಅಲ್ಲಿ 1769ರಲ್ಲಿ ಓಸ್ಟರ್ವಾಲ್ಡ್ ಅನ್ನೋರು ಇನ್ನಿಬ್ಬರು ಮೂವರ ಜೊತೆ ಸೇರಿ ಒಂದು ಮುದ್ರಣ ಕಂಪನಿ ಶುರು ಮಾಡಿದ್ರು, ಸೊಸಿಯೇತೆ ತಿಪೋಗ್ರಾಫೀಕ್ ದ ನ್ಯೂಶಾಟೆಲ್ ಅಂತ, 1794ರವರೆಗೆ ನಡೀತು. ಆ ಕಾಲದ ಪ್ರಕಾಶಕರ ಕಾಗದಪತ್ರ ಹೆಚ್ಚುಕಮ್ಮಿ ಎಲ್ಲ ನಾಶ ಆಗಿದೆ, ಇವರದ್ದು ಮಾತ್ರ ಉಳೀತು, ಸುಮಾರು 50,000 ಪತ್ರ, ಜೊತೆಗೆ ಲೆಡ್ಜರು, ಆರ್ಡರ್ ಪುಸ್ತಕ, ಕೆಲಸಗಾರರಿಗೆ ವಾರವಾರ ಕೊಟ್ಟ ಸಂಬಳದ ಲೆಕ್ಕ. ಅಮೆರಿಕದ ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ 1965ರಲ್ಲಿ ಅಲ್ಲಿಗೆ ಹೋಗಿ ಓದೋಕೆ ಕೂತೋರು ಹತ್ತಾರು ವರ್ಷ ಅದನ್ನೇ ಓದಿದ್ರು, ಆಮೇಲೆ ಬಹಳಷ್ಟು ಪತ್ರಗಳ ಸ್ಕ್ಯಾನ್ ಯಾರು ಬೇಕಾದ್ರೂ ನೋಡೋ ಹಾಗೆ ಫ್ರೀಯಾಗಿ ಇಂಟರ್ನೆಟ್ಟಲ್ಲಿ ಹಾಕಿದ್ರು. ನನ್ನಂಥೋರಿಗೆ ಅದೇ ದೊಡ್ಡ ಉಪಕಾರ ಆಗಿದ್ದು.

ಆ ಪತ್ರಗಳಲ್ಲಿ ಸಿದ್ಧಾಂತದ ಮಾತು ಕಮ್ಮಿ ಸಾರ್. ಮೂಟೆ ಬಂತಾ ಬರ್ಲಿಲ್ವಾ, ಮಳೆಗೆ ನೆನೆದು ಹಾಳೆ ಹಾಳಾಯ್ತು, ದುಡ್ಡಿಗೆ ಕೊಟ್ಟ ಹುಂಡಿ ಚೀಟಿ ವಾಪಸ್ ಬಂತು, ಪಕ್ಕದೂರಿನೋನಿಗೆ ಕಡಿಮೆ ರೇಟಿಗೆ ಕೊಟ್ರಂತೆ ನನಗ್ಯಾಕೆ ಜಾಸ್ತಿ, ಇದೇ ಇರುತ್ತೆ. ಪುಸ್ತಕ ಆಗ ಬೈಂಡ್ ಆಗಿ ಹೋಗ್ತಿರ್ಲಿಲ್ಲ, ಅಚ್ಚಾದ ಫಾರಂಗಳನ್ನ, ಅಂದ್ರೆ ಹೊಲಿಯದ ಬಿಡಿ ಹಾಳೆಗಳನ್ನ, ಹಾಗೇ ಮೂಟೆ ಕಟ್ಟಿ ಕಳಿಸೋದು, ಬೈಂಡಿಂಗ್ ಕೊಂಡೋನ ಜವಾಬ್ದಾರಿ. ಇದ್ರಿಂದ ಕಳ್ಳಸಾಗಣೆಗೆ ಅನುಕೂಲ ಆಯ್ತು. ನಿಷೇಧಿತ ಪುಸ್ತಕದ ಫಾರಂಗಳನ್ನ ಯಾವುದೋ ಧಾರ್ಮಿಕ ಪುಸ್ತಕದ ಫಾರಂಗಳ ಒಳಗೆ ಸೇರಿಸಿ ಕಳಿಸ್ತಿದ್ರು, ಅದಕ್ಕೆ ಅವರ ಭಾಷೆಯಲ್ಲಿ 'ಮದುವೆ ಮಾಡಿಸೋದು' ಅಂತ ಹೆಸರು. ಇನ್ನೊಂದು ದಾರಿ 'ವಿಮೆ'. ಗಡಿಯ ಪೋಂತಾರ್ಲಿಯೇ ಕಡೆಯ ದಲ್ಲಾಳಿಗಳು ಕೂಲಿಯಾಳುಗಳನ್ನ ಗೊತ್ತು ಮಾಡಿ, ಬೆನ್ನ ಮೇಲೆ ಹೊರೆ ಹೊರಿಸಿ, ಸುಂಕದ ಕಟ್ಟೆ ತಪ್ಪಿಸಿ ಬೆಟ್ಟ ದಾಟಿಸ್ತಿದ್ರು, ಮಾಲು ಸಿಕ್ಕಿಬಿದ್ರೆ ಅದರ ದುಡ್ಡು ದಲ್ಲಾಳಿನೇ ಕಟ್ಟಿಕೊಡಬೇಕು, ಅದಕ್ಕೆ ಮಾಲಿನ ಬೆಲೆಯಲ್ಲಿ ನೂರಕ್ಕೆ 16ರ ತನಕ ಫೀಸು. ದಲ್ಲಾಳಿ ಕಳ್ಕೊಳ್ಳೋದು ದುಡ್ಡು ಅಷ್ಟೇ, ಹೊರೆ ಹೊತ್ತೋನು ಸಿಕ್ಕಿಬಿದ್ರೆ ಮೈಮೇಲೆ ಬರೆ ಹಾಕಿ 'ಗ್ಯಾಲಿ' ಶಿಕ್ಷೆಗೆ, ಅಂದ್ರೆ ಬಂದರಿನ ಜೈಲಲ್ಲಿ ಕಠಿಣ ದುಡಿಮೆಗೆ ಕಳಿಸಬಹುದಿತ್ತು. ಜ್ಞಾನೋದಯ ಯುಗ ಅಂತ ನಾವು ದೊಡ್ಡ ಹೆಸರಲ್ಲಿ ಕರೀತೀವಿ, ಅದು ಇವರ ಬೆನ್ನ ಮೇಲೆ ಹಿಮದಲ್ಲಿ ನಡ್ಕೊಂಡು ಹೋಗಿದ್ದು, ಇವರಲ್ಲಿ ಬಹಳ ಜನಕ್ಕೆ ತಾವು ಹೊತ್ತಿದ್ದ ಹಾಳೆ ಓದೋಕೂ ಬರ್ತಿರ್ಲಿಲ್ಲ ಅಂತ ಕಾಣುತ್ತೆ. ನನಗೆ ವಾಲ್ಟೇರ್ ಎಷ್ಟು ಮುಖ್ಯನೋ ಆ ಕೂಲಿಯೋರೂ ಅಷ್ಟೇ ಮುಖ್ಯ.

1778ರ ಜುಲೈನಲ್ಲಿ ಕಂಪನಿ ತನ್ನ ಗುಮಾಸ್ತ ಫಾವಾರ್ಜೇನ ಕುದುರೆ ಮೇಲೆ ಫ್ರಾನ್ಸ್ ಸುತ್ತೋಕೆ ಕಳಿಸ್ತು. ಲಿಯೋಂ, ಅವಿಞೋಂ, ಮಾರ್ಸೇ, ಮೋಂಪೆಲಿಯೇ, ತುಲೂಸ್, ಬೋರ್ದೋ, ಲಾ ರೋಶೆಲ್, ಓರ್ಲಿಯಾನ್, ದಿಜೋಂ, ಬಜಾನ್ಸೋಂ ಎಲ್ಲ ಮುಗಿಸಿ ವಾಪಸ್ ಬರೋ ಹೊತ್ತಿಗೆ ನವೆಂಬರ್. ಪ್ರತಿ ಊರಲ್ಲೂ ಅಂಗಡಿಯೋರನ್ನ ನೋಡಿ, ಯಾರು ಸಾಲ ತೀರಿಸ್ತಾರೆ ಯಾರು ತೀರಿಸಲ್ಲ ಅಂತ ವಿಚಾರಿಸಿ, ಡೈರಿಯಲ್ಲಿ ಹೆಸರಿನ ಮುಂದೆ 'ಒಳ್ಳೆಯವನು', 'ಸಾಧಾರಣ', 'ಆಗಲ್ಲ' ಅನ್ನೋ ಅರ್ಥದಲ್ಲಿ ಬರ್ಕೊಂಡಿದ್ದಾನೆ. ಅವನ ಡೈರಿ, ಅವನು ಬರೆದ ಪತ್ರ, ಇದೇ ಅಂಗಡಿಯೋರು ವರ್ಷಗಟ್ಟಲೆ ಕಳಿಸಿದ ಆರ್ಡರ್, ಇಷ್ಟನ್ನ ಜೊತೆಗಿಟ್ಟು ಓದಿದ್ರೆ ಒಂದು ಊರಲ್ಲಿ ಯಾವ ಪುಸ್ತಕ ಕೇಳ್ತಿದ್ರು ಅನ್ನೋದು ಕಣ್ಣಿಗೆ ಕಟ್ಟುತ್ತೆ. ಬಜಾನ್ಸೋಂನ ಶಾರ್ಮೆ ಅನ್ನೋ ಪುಸ್ತಕ ವ್ಯಾಪಾರಿ ಕಾಯಿಲೆ ಬಿದ್ದು ತೀರಿಹೋದ ಮೇಲೆ ಹೆಂಡತಿನೇ ಅಂಗಡಿ ನಡೆಸಿದ್ರು, ಆಕೆ ಬರೆದ ಪತ್ರಗಳಲ್ಲಿ ವ್ಯಾಪಾರದ ತಿಳುವಳಿಕೆ ಗಂಡನಷ್ಟೇ ಗಟ್ಟಿಯಾಗಿ ಕಾಣುತ್ತೆ. ಆಗಿನ ನಿಯಮದಲ್ಲಿ ವಿಧವೆಯರಿಗೆ ಗಂಡನ ವ್ಯಾಪಾರ ಮುಂದುವರಿಸೋ ಹಕ್ಕಿತ್ತು, ಅದಕ್ಕೇ ಎಷ್ಟೋ ಪುಸ್ತಕಗಳ ಮೇಲೆ 'ವಿಧವೆ ಇಂಥವರು' ಅಂತಲೇ ಅಚ್ಚಾಗಿರೋದು.

ಇನ್ನು 'ತಾತ್ವಿಕ ಪುಸ್ತಕ' ಅನ್ನೋ ಮಾತು. ನಿಮ್ಮ ಲೇಖನದಲ್ಲಿ ಜನ ತಾತ್ವಿಕ ಪುಸ್ತಕಗಳಿಗೆ ಮುಗಿಬೀಳ್ತಿದ್ರು ಅಂತ ಇದೆಯಲ್ಲ, ಅದು ವ್ಯಾಪಾರಿಗಳ ಗುಟ್ಟಿನ ಪದ, ಅರ್ಥ ನಿಷೇಧಿತ ಪುಸ್ತಕ ಅಂತ ಅಷ್ಟೇ. 1775ರಲ್ಲಿ ಕಂಪನಿ ಕೈಬರಹದಲ್ಲಿ ಬೇರೆಯಾಗಿ ಮಾಡಿಟ್ಟ ತಾತ್ವಿಕ ಪುಸ್ತಕಗಳ ಪಟ್ಟಿಯಲ್ಲಿ 110 ಹೆಸರಿದೆ, ನಾಸ್ತಿಕ ತತ್ವಶಾಸ್ತ್ರದ ಪಕ್ಕದಲ್ಲೇ ಪೋಲಿ ಕಾದಂಬರಿ, ಅದರ ಪಕ್ಕ ದೊಡ್ಡ ಮನುಷ್ಯರ ಹಗರಣದ ಪುಸ್ತಕ. ಡಾರ್ನ್‌ಟನ್ ಆರ್ಡರ್‌ಗಳಿಂದ ಸುಮಾರು 28,000 ಪ್ರತಿಗಳ ಲೆಕ್ಕ ತೆಗೆದಾಗ ಮೇಲೆ ಬಂದಿದ್ದು ಮೆರ್ಸಿಯೇ ಬರೆದ 'ಎರಡು ಸಾವಿರದ ನಾನೂರ ನಲವತ್ತನೇ ವರ್ಷ' ಅನ್ನೋ ಕಾದಂಬರಿ, ಅದರ ಹಿಂದೆನೇ ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ದ್ಯೂ ಬಾರಿಯ ಕಥೆಗಳು, ಡೋಲ್ಬಾಕ್ ಪುಸ್ತಕನೂ ಅಲ್ಲೇ ಇದೆ. 'ಸೋಶಿಯಲ್ ಕಾಂಟ್ರಾಕ್ಟ್' ಆ ಮೇಲಿನ ಸಾಲಲ್ಲಿ ಎಲ್ಲೂ ಇಲ್ಲ.

ಇದೇ ಕೊನೆ ಮಾತು ಅಂತನೂ ನಾನು ಹೇಳ್ತಿಲ್ಲ. 2012ರಲ್ಲಿ ಸೈಮನ್ ಬರ್ರೋಸ್, ಮಾರ್ಕ್ ಕರನ್ ಅನ್ನೋ ಇತಿಹಾಸಕಾರರು ಇದೇ ಕಂಪನಿಯ ಲೆಕ್ಕದ ಪುಸ್ತಕಗಳನ್ನ ಡೇಟಾಬೇಸ್ ಮಾಡಿ ಹೊರತಂದ್ರು, ಸುಮಾರು 4,000 ಪುಸ್ತಕ, 400,000 ಪ್ರತಿಗಳ ಓಡಾಟ ಅದ್ರಲ್ಲಿದೆ. ಡಾರ್ನ್‌ಟನ್ ನೋಡಿದ್ದು ಮುಖ್ಯವಾಗಿ ಅಂಗಡಿಯೋರು ಕೇಳಿ ಬರೆದ ಆರ್ಡರು, ಇವರು ನೋಡಿದ್ದು ಗೋಡೌನಿನಿಂದ ನಿಜಕ್ಕೂ ಹೊರಗೆ ಹೋದ ಮಾಲು. ನಿಷೇಧಿತ ಪುಸ್ತಕದ ಪಾಲು ಇಲ್ಲಿ ಕಡಿಮೆ ಕಾಣುತ್ತೆ, ಧರ್ಮದ ಪುಸ್ತಕ, ಪ್ರವಾಸದ ಪುಸ್ತಕ, ಆಯಾ ಊರಿನೋರಿಗೆ ಬೇಕಾದ ಪುಸ್ತಕ ಜಾಸ್ತಿ ಕಾಣುತ್ತೆ. ಎರಡು ಕಡೆಯೋರಿಗೂ ಜೋರು ಚರ್ಚೆ ಆಗಿದೆ. ಕೇಳಿದ್ದೆಲ್ಲ ಕಳಿಸೋಕೆ ಆಗ್ತಿರ್ಲಿಲ್ಲ, ಕಳಿಸಿದ್ದೆಲ್ಲ ಜನ ಕೇಳಿದ್ದೇ ಅಲ್ಲ, ಒಬ್ಬ ಪ್ರಕಾಶಕ ಇನ್ನೊಬ್ಬನ ಜೊತೆ ದುಡ್ಡಿನ ಬದಲು ಪುಸ್ತಕಕ್ಕೆ ಪುಸ್ತಕ ಬದಲಾಯಿಸ್ಕೊಳ್ಳೋ ಪದ್ಧತಿ ಬೇರೆ ಇತ್ತು. ನನಗೆ ಆರ್ಡರ್‌ಗಳೇ ಓದುಗರಿಗೆ ಹೆಚ್ಚು ಹತ್ತಿರ ಅನ್ನಿಸುತ್ತೆ, ಅಂಗಡಿಯೋನು ಮಾರಾಟ ಆಗದೇ ಇರೋದನ್ನ ಕೇಳಿ ಬರೆಯಲ್ಲ, ಆದ್ರೆ ಡೇಟಾಬೇಸ್ ನೋಡದೆ ಹಾಗನ್ನೋ ಧೈರ್ಯ ಈಗ ಯಾರೂ ಮಾಡಬಾರದು.

ಅದೂ ಅಲ್ದೆ ಇವೆಲ್ಲ ಒಂದು ಸ್ವಿಸ್ ಕಂಪನಿಯ ಲೆಕ್ಕ. ಫ್ರಾನ್ಸ್ ಒಳಗಡೆ 1777ರ ಆಗಸ್ಟ್ 30ರ ಹೊಸ ಕಾನೂನಿನಲ್ಲಿ, ಹಕ್ಕಿನ ಅವಧಿ ಮುಗಿದ ಹಳೇ ಪುಸ್ತಕನ ಪ್ರಾಂತ್ಯದ ಮುದ್ರಕರೂ ಸರಳ ಅನುಮತಿ ತಗೊಂಡು ಅಚ್ಚು ಹಾಕಬಹುದು ಅಂತ ಆಯ್ತು, ಅರ್ಜಿಯಲ್ಲಿ ಎಷ್ಟು ಪ್ರತಿ ಅಂತನೂ ಬರೀಬೇಕಿತ್ತು, ಹಾಗಾಗಿ 1778ರಿಂದ 1789ರವರೆಗಿನ ಲೆಕ್ಕ ಸಿಗುತ್ತೆ. ಸುಮಾರು 20 ಲಕ್ಷ ಪ್ರತಿ, ಅದ್ರಲ್ಲಿ ನೂರಕ್ಕೆ 63 ಧರ್ಮದ ಪುಸ್ತಕ. ಪ್ರಾರ್ಥನೆಯ ಕೈಪಿಡಿ 'ಲಾಂಜ್ ಕೋಂದ್ಯುಕ್ತರ್' ಒಂದೇ ಒಂದು ಲಕ್ಷಕ್ಕೂ ಮೇಲೆ. ಕ್ರಾಂತಿಯ ಹಿಂದಿನ ಹತ್ತು ವರ್ಷದಲ್ಲಿ ಇಷ್ಟು ಜನ ಪ್ರಾರ್ಥನೆ ಪುಸ್ತಕ ಕೊಂಡಿದ್ದಾರೆ, ಅವರನ್ನ ಬಿಟ್ಟು ಫ್ರಾನ್ಸಿನ ಓದುಗರ ಬಗ್ಗೆ ಬರೆಯೋದು ನ್ಯಾಯ ಅಲ್ಲ.

ಈ ಕೆಲಸದಲ್ಲಿ ನಾನೂ ಮುಗ್ಗರಿಸಿದ್ದೀನಿ. ಗುಮಾಸ್ತರು ಲೆಡ್ಜರಲ್ಲಿ ಪೂರ್ತಿ ಹೆಸರು ಬರೀತಿರ್ಲಿಲ್ಲ, ಬರೀ 'ಸಿಸ್ಟೆಮ್' ಅಂತ ಬರೆದು ಮುಂದೆ ಸಂಖ್ಯೆ ಹಾಕಿರ್ತಿದ್ರು. ನಾನು ಅದನ್ನೆಲ್ಲ 'ಸಿಸ್ಟೆಮ್ ದ ಲಾ ನಾತ್ಯೂರ್' ಅಂತಲೇ ಎಣಿಸ್ಕೊಂಡು ಎರಡು ತಿಂಗಳು ಕೆಲಸ ಮಾಡಿದ್ದೆ, ಆಮೇಲೆ ಗೊತ್ತಾಯ್ತು ಅದೇ ಡೋಲ್ಬಾಕ್ 1773ರಲ್ಲಿ 'ಸಿಸ್ಟೆಮ್ ಸೋಸಿಯಾಲ್' ಅಂತ ಇನ್ನೊಂದು ಪುಸ್ತಕ ತಂದಿದ್ದಾರೆ ಅಂತ, ಯಾವ ಸಾಲು ಯಾವುದು ಅಂತ ಬೆಲೆ ನೋಡಿ ಸಂಪುಟದ ಸಂಖ್ಯೆ ನೋಡಿ ಮತ್ತೆ ಮೊದಲಿಂದ ಬೇರೆ ಮಾಡಬೇಕಾಯ್ತು. ಕಾಗದನೂ ದಾರಿ ತಪ್ಪಿಸುತ್ತೆ, ಫ್ರೆಂಚ್ ಕಾಗದವನ್ನ ಬೆಳಕಿಗೆ ಹಿಡಿದ್ರೆ ಕಾಣೋ ನೀರುಗುರುತಲ್ಲಿ 1742 ಅಂತ ಇಸವಿ ಇರುತ್ತೆ, ಅದನ್ನ ನೋಡಿ ಪುಸ್ತಕ ಆ ವರ್ಷದ್ದು ಅನ್ನೋ ಹಾಗಿಲ್ಲ, ಕಾಗದದ ಮೇಲೆ ಇಸವಿ ಹಾಕ್ಬೇಕು ಅಂತ ನಿಯಮ ಬಂದ ಮೇಲೆ ಎಷ್ಟೋ ಕಾಗದದ ಮಿಲ್ಲುಗಳು ಅದೇ 1742ನ್ನ ಎಷ್ಟೋ ವರ್ಷ ಹಾಗೇ ಇಟ್ಟುಕೊಂಡವು. ಲೆಕ್ಕದ ಪುಸ್ತಕನೂ ಅಷ್ಟೇ, ಲಿಯೋಂನ ದ್ಯೂಪ್ಲೆಂ 'ಎನ್‌ಸೈಕ್ಲೋಪೀಡಿಯಾ' ಅನ್ನೋ ದೊಡ್ಡ ವಿಶ್ವಕೋಶದ ಕ್ವಾರ್ಟೋ ಅಂದ್ರೆ ಸಣ್ಣ ಅಳತೆಯ ಆವೃತ್ತಿಯ ಸುಮಾರು 8,000 ಸೆಟ್ಟು, ಸೆಟ್ಟಿಗೆ 384 ಲೀವ್ರ್ (ಆಗಿನ ಫ್ರೆಂಚ್ ಹಣ) ಹಾಗೆ ಮಾರಿ, ಪಾಲುದಾರರಿಗೆ ತೋರಿಸಿದ್ದು ಕಮ್ಮಿ ಲೆಕ್ಕ, 1780ರಲ್ಲಿ ಸಿಕ್ಕಿಬಿದ್ದು ರಾಜಿ ಮಾಡ್ಕೊಂಡ. ಆ ಪಾಲುದಾರರಲ್ಲಿ ನಮ್ಮ ನ್ಯೂಶಾಟೆಲ್ ಕಂಪನಿನೂ ಒಂದು, ಅದಕ್ಕೇ ಆ ಮೋಸದ ಕಥೆ ನಮಗೆ ಇಷ್ಟು ವಿವರವಾಗಿ ಗೊತ್ತಿರೋದು.

1783ರ ಜೂನ್ 12ಕ್ಕೆ ವಿದೇಶಾಂಗ ಮಂತ್ರಿ ವೆರ್ಜೆನ್ ಒಂದು ಆರ್ಡರ್ ಹೊರಡಿಸಿದ್ರು, ಹೊರಗಡೆಯಿಂದ ಬರೋ ಪುಸ್ತಕದ ಮೂಟೆ ಎಲ್ಲಿಗೇ ಹೋಗಲಿ ಮೊದಲು ಪ್ಯಾರಿಸ್ಸಿಗೆ ಹೋಗಿ ತಪಾಸಣೆ ಆಗಲೇಬೇಕು ಅಂತ. ನ್ಯೂಶಾಟೆಲ್‌ನಿಂದ ಲಿಯೋಂಗೆ ಹೋಗೋ ಮೂಟೆ ಪ್ಯಾರಿಸ್ ಸುತ್ತಿ ಬರಬೇಕು ಅಂದ್ರೆ ಖರ್ಚು ಯಾರು ಕೊಡ್ತಾರೆ? ಕಂಪನಿಯ ಫ್ರಾನ್ಸ್ ವ್ಯಾಪಾರ ಅಲ್ಲಿಂದ ಬಿದ್ದಿದ್ದು ಮತ್ತೆ ಮೊದಲಿನ ಹಾಗೆ ಏಳಲೇ ಇಲ್ಲ. ಎಷ್ಟೋ ಪುಸ್ತಕ ಸುಟ್ಟರೂ ನಿಲ್ಲದೆ ಇದ್ದಿದ್ದು ಸಾಗಾಣಿಕೆ ಖರ್ಚಿಗೆ ನಿಂತುಹೋಯ್ತು ನೋಡಿ, ಈ ಆರ್ಡರ್ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲಾದ್ರೂ ಇರಬೇಕಿತ್ತು.

ಮುಂದಿನ ವಾರ ತಿದ್ದುಪಡಿ ಹಾಕೋದಾದ್ರೆ ದಯವಿಟ್ಟು ಹೀಗೆ ಹಾಕಿ: 'ಸಿಸ್ಟೆಮ್ ದ ಲಾ ನಾತ್ಯೂರ್', 1770, ಬರೆದವರು ಬ್ಯಾರನ್ ಡೋಲ್ಬಾಕ್, ಅಚ್ಚಾಗಿದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ, ಪುಟದ ಮೇಲಿರೋ ಲಂಡನ್ ಅನ್ನೋ ಊರೂ ಮಿರಾಬೋ ಅನ್ನೋ ಹೆಸರೂ ಪೊಲೀಸರ ಕಣ್ಣು ತಪ್ಪಿಸೋಕೆ ಹಾಕಿದ್ದು. ಮನೆಮನೆಯಲ್ಲೂ ರೂಸೋ ಅನ್ನೋ ವಾಕ್ಯನ ಲೇಖಕರು ಯಾವ ಆಧಾರದ ಮೇಲೆ ಬರೆದ್ರು ಅಂತನೂ ಕೇಳಿ ತಿಳಿಸಿ, ನನಗೆ ಗೊತ್ತಿಲ್ಲದ ದಾಖಲೆ ಏನಾದ್ರೂ ಅವರ ಹತ್ರ ಇದ್ರೆ ನಾನು ಖಂಡಿತ ಓದಬೇಕು.

ಇತಿ,
ನಿಮ್ಮ ಹಳೇ ಓದುಗ